ರಸ್ತೆಗೆ ಬೆನ್ನು ಕೊಟ್ಟ ಮನೆ

ಮಂಡ್ಯ ಜಿಲ್ಲೆಯಾಗಿ ಇನ್ನೂ ಏಳೆಂಟು ವರ್ಷ ಕಳೆದಿತ್ತು ಅಷ್ಟೆ. ಹೊಸದಾಗಿ ಯಜಮಾನಿಕೆ ಸಿಕ್ಕವರಿಗೆ ಎಲ್ಲವನ್ನೂ ಒಂದೇ ಸಲ ಸರಿಮಾಡಿಬಿಡುವ ಆತುರ ಇರುತ್ತದಲ್ಲ, ಊರಿಗೂ ಹಾಗೇ ಆಗಿತ್ತು. ಸಕ್ಕರೆ ಕಾರ್ಖಾನೆಯಿಂದಾಗಿ ಜನ ಬಂದರು, ಜನಕ್ಕೆ ಮನೆ ಬೇಕಾಯಿತು. ನಾಲೆಯ ಕಡೆಗಿದ್ದ ರಾಗಿ ಹೊಲಗಳನ್ನು ಅಳೆದು, ಸಾಲಾಗಿ ಕಲ್ಲು ನೆಟ್ಟು, ಅದಕ್ಕೆ ಎಕ್ಸ್‌ಟೆನ್ಷನ್ ಎಂದು ಹೆಸರಿಟ್ಟರು.

ಹಳೇ ಊರಿನಲ್ಲಿ ಮನೆ ಕಟ್ಟುವುದೆಂದರೆ ಪಕ್ಕದವನ ಗೋಡೆಗೆ ಗೋಡೆ ಒರಗಿಸಿ, ಮುಂದೆ ಜಗಲಿ ಎಳೆದು, ಮಿಕ್ಕ ಜಾಗದಲ್ಲಿ ಎಮ್ಮೆ ಕಟ್ಟುವುದು. ಎಕ್ಸ್‌ಟೆನ್ಷನ್ನಿನಲ್ಲಿ ಆ ಆಟ ನಡೆಯುವಂತಿರಲಿಲ್ಲ. ಮನೆಯ ಮುಂದೆ ಹತ್ತಡಿ ಖಾಲಿ ಬಿಡಬೇಕು. ಪಕ್ಕದಲ್ಲಿ ಗಾಳಿ ಆಡಬೇಕು. ಕೊಟ್ಟಿಗೆ, ಷೆಡ್ಡು, ಸೌದೆ ಮನೆ ಏನಿದ್ದರೂ ಹಿತ್ತಿಲಲ್ಲೇ ಇರಬೇಕು, ಮನೆಯ ಮುಂದೆ ಮೂತಿ ಹಾಕಬಾರದು. ಹುಲ್ಲಿನ ಸೂರು ಕೂಡದು. ಎರಡು ಸಾಲು ಮನೆಗಳ ಬೆನ್ನಿನ ನಡುವೆ ಕಸದ ಗಾಡಿ ಓಡಾಡಲು ಹತ್ತಡಿ ಓಣಿ. ಮುಂಬಾಗಿಲು ಮಾತ್ರ ಮೂವತ್ತಡಿ ರಸ್ತೆಗೇ ತೆರೆಯಬೇಕು. ಇದನ್ನೆಲ್ಲ ಬರೆದವರು ಒಳ್ಳೆಯದಕ್ಕೇ ಬರೆದಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಕೊನೆಯ ಸಾಲಿನ ಸೈಟುಗಳ ರಸ್ತೆಯನ್ನು ದಕ್ಷಿಣಕ್ಕೆ ಇಟ್ಟುಬಿಟ್ಟಿದ್ದರು. ದಕ್ಷಿಣಕ್ಕೆ ಬಾಗಿಲಿಟ್ಟು ಬಾಳಲು ನಮ್ಮ ಕಡೆ ಯಾರು ಮುಂದೆ ಬರುತ್ತಾರೆ? ಆ ಸಾಲಿಗೆ ಸೈಟು ಕೇಳುವವರೇ ಇರಲಿಲ್ಲ. ಕಲ್ಲುಗಳ ನಡುವೆ ತುಂಬೆ ಗಿಡ ಬೆಳೆದು ಹೂ ಬಿಟ್ಟಿತ್ತು.

ಆ ಸಾಲಿನಲ್ಲಿ ಸೈಟು ತೆಗೆದುಕೊಂಡ ಒಬ್ಬನೇ ಒಬ್ಬ ಪುಣ್ಯಾತ್ಮ ಹತ್ತಿರದ ಹಳ್ಳಿ ದುದ್ದದ ಮರಿಸಿದ್ದಯ್ಯ. ಅವನಾಗಿ ತೆಗೆದುಕೊಂಡದ್ದಲ್ಲ. ತೆಗೆಸಿದವಳು ಅವನ ಹೆಂಡತಿ ಸೋಮಮ್ಮ.

ಸೋಮಮ್ಮನಿಗೆ ಇದ್ದದ್ದು ಒಂದೇ ಆಸೆ. ಮಗಳು ಸಣ್ಣತಾಯಿ ದುದ್ದದ ಸ್ಕೂಲಿನಲ್ಲಿ ಇದ್ದಷ್ಟೂ ಓದಿ ಮುಗಿಸಿದ್ದಳು, ಮುಂದೆ ಓದಬೇಕಾದರೆ ಮಂಡ್ಯಕ್ಕೇ ಬರಬೇಕಿತ್ತು. ಸೋಮಮ್ಮ ಚಿಕ್ಕವಳಾಗಿದ್ದಾಗ ಅವಳಿಗೂ ಅಕ್ಷರದ ಹುಚ್ಚಿತ್ತು. ಸ್ಕೂಲು ದೂರ, ಹೆಣ್ಣುಹುಡುಗಿ ಒಬ್ಬಳೇ ನಡೆಯಬಾರದು ಎಂದು ಬಿಡಿಸಿದ್ದರು. ಆ ಹೊಟ್ಟೆಯುರಿ ಅವಳಿಗೆ ಇವತ್ತಿಗೂ ಆರಿರಲಿಲ್ಲ. ಮಗಳಿಗೆ ಹಾಗಾಗಬಾರದು ಎಂದು ಎರಡು ವರ್ಷ ಗಂಡನ ತಲೆ ತಿಂದಳು.

ಮರಿಸಿದ್ದಯ್ಯ ಕೆಟ್ಟವನಲ್ಲ, ಮೊಂಡ. ಒಪ್ಪಿದ, ಆದರೆ ಷರತ್ತು ಹಾಕಿ ಒಪ್ಪಿದ. "ಬಾಡಿಗೆ ಮನೇಲಿ ನಾನಿರಾಕಿಲ್ಲ. ಸ್ವಂತದ್ದಾಗ್ಬೇಕು. ಬಾಗ್ಲು ತೆಂಕ್ಲಿಗಿರಬಾರ್ದು. ಇದ್ರೆ ನಿನ್ ಮಗಳ್ನೂ ಕರ್ಕೊಂಡು ಅವತ್ತೇ ದುದ್ದಕ್ಕೆ ಒಂಟೋಯ್ತೀನಿ, ಆಮೇಲೆ ಅಳ್ಬ್ಯಾಡ" ಎಂದ. ಕಬ್ಬಿನ ದುಡ್ಡಿಗೆ ಕೈಗೆಟುಕಿದ್ದು ಆ ಕೊನೆಯ ಸಾಲಿನ ಸೈಟೊಂದೇ. ರಸ್ತೆ ಯಾವ ಕಡೆ ಬರುತ್ತದೆಂದು ಅವನು ಕೇಳಲಿಲ್ಲ. ಅಲ್ಲಿ ರಸ್ತೆಯೇ ಇರಲಿಲ್ಲವಲ್ಲ, ಸುತ್ತ ಬಯಲು. ಸೋಮಮ್ಮನೂ ಹೇಳಲು ಹೋಗಲಿಲ್ಲ.

ಮನೆಯ ಪ್ಲಾನು ಬರೆದುಕೊಟ್ಟವನು ಪೇಟೆಯ ಒಬ್ಬ ಡ್ರಾಫ್ಟ್ಸ್‌ಮನ್. ಮುಂದೆ ಗಾಡಿ ನಿಲ್ಲಿಸಿ ಎತ್ತು ಬಿಚ್ಚಲು ಜಾಗ ಬೇಕೆಂದು ಮರಿಸಿದ್ದಯ್ಯ ಹಟ ಹಿಡಿದದ್ದರಿಂದ ಹತ್ತಡಿಯ ಬದಲು ಇಪ್ಪತ್ತಡಿ ಬಿಟ್ಟು ಬರೆದ. ಮುನಿಸಿಪಾಲಿಟಿಯಲ್ಲಿ ಅದಕ್ಕೆ ಮೊಹರು ಬಿತ್ತು. ಕಟ್ಟಲು ಬಂದವನು ಊರಿನ ಗಾರೆ ಕೆಲಸದ ಚಿಕ್ಕಬೋರಯ್ಯ. ಅವನ ಕೈಯಲ್ಲಿ ಎದ್ದ ಗೋಡೆ ನೂರು ಮಳೆ ಕಂಡರೂ ಅಲುಗುತ್ತಿರಲಿಲ್ಲ, ಆದರೆ ಕಾಗದದ ಮೇಲಿನ ಮನೆಯನ್ನು ಅವನು ಅದೇ ಮೊದಲ ಸಲ ನೋಡುತ್ತಿದ್ದದ್ದು.

ನೀಲಿ ಕಾಗದವನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು, ಚಿಕ್ಕಬೋರಯ್ಯ ಕುಕ್ಕರಗಾಲಲ್ಲಿ ಕೂತ. "ಬಾಗ್ಲು ಯಾವ್ದು?" ಎಂದು ಕೇಳಿದ. ಸಣ್ಣತಾಯಿ ಬೆರಳಿಟ್ಟು ತೋರಿಸಿದಳು. ಬಾಗಿಲು ದಕ್ಷಿಣದ ಕಡೆ ಇತ್ತು. ಚಿಕ್ಕಬೋರಯ್ಯ ಕಲ್ಲುಗಳನ್ನು ತೆಗೆದ. ಕಾಗದವನ್ನು ಮೆಲ್ಲಗೆ ಅರ್ಧ ಸುತ್ತು ತಿರುಗಿಸಿದ. ಬಾಗಿಲು ಉತ್ತರಕ್ಕೆ ಬಂತು. ಮತ್ತೆ ಕಲ್ಲಿಟ್ಟ.

"ಈಗ ಸರೋಯ್ತು" ಎಂದ.

ಮರಿಸಿದ್ದಯ್ಯನೂ ತಲೆಯಾಡಿಸಿದ. ಇಬ್ಬರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಬಾಗಿಲು ಅಂದಮೇಲೆ ಉತ್ತರಕ್ಕೋ ಮೂಡಲಿಗೋ ಇರಬೇಕು, ಇಲ್ಲದಿದ್ದರೆ ಕಾಗದವನ್ನು ಸರಿಯಾಗಿ ಹಿಡಿದಿಲ್ಲ ಎಂದು ಅರ್ಥ. ಸೋಮಮ್ಮ ಮಾತ್ರ ದಕ್ಷಿಣದ ಕಡೆ ರಸ್ತೆಗೆಂದು ಹೊಡೆದಿದ್ದ ಗೂಟಗಳನ್ನೊಮ್ಮೆ ನೋಡಿದಳು, ಗಂಡನ ಮುಖವನ್ನೊಮ್ಮೆ ನೋಡಿದಳು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಸುಮ್ಮನಾದಳು. ಜನ ಓಡಾಡಿದ ಕಡೆ ರಸ್ತೆ ತಾನೇ ಬರುತ್ತದೆ ಎಂದುಕೊಂಡಳು.

ಹೀಗೆ ಮನೆ ಎದ್ದಿತು. ಪ್ಲಾನಿನಲ್ಲಿ ಇದ್ದದ್ದು ಒಂದಂಗುಲ ಹೆಚ್ಚಿಲ್ಲ, ಒಂದಂಗುಲ ಕಮ್ಮಿಯಿಲ್ಲ, ಎಲ್ಲವೂ ಹಿಂದುಮುಂದು ಮಾತ್ರ. ಮುಂಬಾಗಿಲು ಕಸದ ಓಣಿಗೆ. ಬಚ್ಚಲ ನೀರು ದೊಡ್ಡ ರಸ್ತೆಗೆ. ಹೊಸಲಿಗೆ ಅರಿಸಿನ ಹಚ್ಚಿ, ಮಾವಿನ ಸೊಪ್ಪು ಕಟ್ಟಿ, ಹಸು ನುಗ್ಗಿಸಿ ಒಳಗೆ ಹೋದರು. ಆಷಾಢ ಬರುವುದರೊಳಗೆ ಸಣ್ಣತಾಯಿಯ ಹೆಸರು ಸ್ಕೂಲಿನಲ್ಲಿ ಏರಿತು.

ಓಣಿಯ ಆಚೆ, ಎದುರಿಗೆ ಇದ್ದದ್ದು ಒಂದೇ ಮನೆ. ಬಸ್ಸಿನ ಮೆಕ್ಯಾನಿಕ್ ಮೆಹಬೂಬ್ ಪಾಷಾನದು. ಅವನ ಮನೆಯ ಪಕ್ಕದಿಂದ ಓಣಿಯ ಕೊನೆಯವರೆಗೂ ಪಾರ್ಕಿಗೆಂದು ಬಿಟ್ಟ ಜಾಗ, ಪಾರ್ಕು ಬರುವವರೆಗೆ ಅಲ್ಲಿ ಕಬ್ಬಿನ ಗಾಡಿಗಳ ಎತ್ತುಗಳು ಮೇಯುತ್ತಿದ್ದವು. ಪಾಷಾ ಕಾನೂನಿನಂತೆ ಉತ್ತರದ ರಸ್ತೆಗೆ ಬಾಗಿಲಿಟ್ಟಿದ್ದ. ಅವನ ಹಿತ್ತಿಲ ಮಣ್ಣುಗೋಡೆ ಓಣಿಗೆ ತಾಗಿತ್ತು. ಆ ಗೋಡೆಯ ಮೇಲಿಂದ ಒಂದು ದಿನ ಒಂದು ಮುಖ ಎದ್ದಿತು. ಅವನ ಹೆಂಡತಿ ಜೈನಾಬ್ ಬೀ.

"ಯಾಕಕ್ಕ, ಎಲ್ಲಾರೂ ಹಿತ್ಲು ಇಡೋ ಕಡೆ ನೀವು ಬಾಗ್ಲು ಇಟ್ಟಿದ್ದೀರಲ್ಲ?" ಎಂದು ಕೇಳಿದಳು.

"ನಿಮ್ಮ ಮೊಕ ನೋಡೋಕೆ ಕಣ್ರವ್ವ" ಎಂದಳು ಸೋಮಮ್ಮ.

ಅಷ್ಟೇ ಸಾಕಾಯಿತು. ಅವತ್ತಿನಿಂದ ಗೋಡೆಯ ಮೇಲೆ ಒಂದು ಕಡೆಯಿಂದ ನುಗ್ಗೇಕಾಯಿ ಬಂದರೆ ಇನ್ನೊಂದು ಕಡೆಯಿಂದ ಬಿಸಿ ರೊಟ್ಟಿ ಹೋಯಿತು. ಜೈನಾಬ್ ಬೀಗೆ ರಸ್ತೆಯ ಕಡೆ ಕೂರುವಂತಿಲ್ಲ, ಹೋಗುವವರು ಬರುವವರು ಗಂಡಸರೇ, ಹೀಗಾಗಿ ಅವಳ ದಿನವೆಲ್ಲ ಹಿತ್ತಿಲಲ್ಲೇ. ಸೋಮಮ್ಮನಿಗೆ ಮುಂಬಾಗಿಲೇ ಅಲ್ಲಿ. ಇಬ್ಬರೂ ಅವರೇಕಾಯಿ ಸುಲಿಯುತ್ತ ಗಂಡಂದಿರನ್ನು ಬಯ್ಯುತ್ತ ಹೊತ್ತು ಕಳೆದರು.

ಜೈನಾಬ್ ಬೀಗೂ ಒಂದು ಕೊರಗಿತ್ತು. ಪಾಷಾ ನೋಡಿಕೊಳ್ಳುತ್ತಿದ್ದದ್ದು ಮಳವಳ್ಳಿ ರೂಟಿನ ಬಸ್ಸು, ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಸಿಕೊಂಡು, ಅದರ ಗ್ಯಾಸಿನಲ್ಲಿ ಓಡಿದ್ದು. ಯುದ್ಧ ಮುಗಿದರೂ ಪೆಟ್ರೋಲು ಸಾಲದೆ ಒಲೆ ಇಳಿದಿರಲಿಲ್ಲ. ದಿನಾ ಸಂಜೆ ಅದನ್ನು ಬಸ್ ಸ್ಟ್ಯಾಂಡಿನ ಹುಣಸೆಮರದ ಕೆಳಗೆ ಬಿಚ್ಚಿ, ಮಸಿ ಕೆರೆದು, ಮಳೆಯಲ್ಲಿ ನೆನೆಯುತ್ತ ಜೋಡಿಸಬೇಕು. ಮನೆಯ ಮುಂದೆ ಬೇಕಾದಷ್ಟು ಜಾಗವಿತ್ತು, ಅಲ್ಲೊಂದು ಷೆಡ್ಡು ಹಾಕಿಕೊಂಡರೆ ಬಸ್ಸು ರಸ್ತೆಯಿಂದ ನೇರ ಒಳಗೆ. ಆದರೆ ಷೆಡ್ಡು ಹಿತ್ತಿಲಲ್ಲೇ ಇರಬೇಕು ಎಂಬುದು ಕಾನೂನು. ಹಿತ್ತಿಲ ಕಡೆ ಇದ್ದದ್ದು ಹತ್ತಡಿ ಓಣಿ, ಅಲ್ಲಿ ಬಸ್ಸು ತಿರುಗುವುದು ಹೋಗಲಿ, ಹಂದಾಡುವಂತೆಯೂ ಇರಲಿಲ್ಲ. "ರಾತ್ರಿ ಕೆಮ್ಮಿ ಕೆಮ್ಮಿ ಸಾಯ್ತಾರೆ ಅಕ್ಕ, ನನ್ನ ಮಾತು ಕೇಳೋರು ಯಾರು" ಎನ್ನುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಎಕ್ಸ್‌ಟೆನ್ಷನ್ನಿನ ಓವರ್ಸಿಯರ್ ಸಿದ್ದರಾಜು ಬಂದ. ಖಾಕಿ ಚಡ್ಡಿ, ಸೋಲಾ ಟೋಪಿ, ಬಗಲಲ್ಲಿ ಸುತ್ತಿದ ನಕ್ಷೆ. ಎಳೆ ವಯಸ್ಸಿನ, ಕೆಲಸದ ಮೇಲೆ ಭಕ್ತಿಯಿದ್ದ ಮನುಷ್ಯ. ನಕ್ಷೆಯಲ್ಲಿ ದಕ್ಷಿಣಕ್ಕೆ ರಸ್ತೆ ಇದ್ದದ್ದರಿಂದ ದಕ್ಷಿಣದಿಂದಲೇ ಬಂದ. ಬಾಗಿಲು ಇರಬೇಕಾದ ಕಡೆ ಬಚ್ಚಲ ಗೋಡೆ ಸಿಕ್ಕಿತು. ಬೂದಿಗುಂಡಿ ಸಿಕ್ಕಿತು. ಒಣಗಿದ ಬೆರಣಿ ಸಿಕ್ಕಿತು. ಬಾಗಿಲು ಸಿಗಲಿಲ್ಲ. ಮನೆಯನ್ನು ಒಂದು ಸುತ್ತು ಬಂದ, ನಕ್ಷೆ ಬಿಚ್ಚಿ ನೋಡಿದ, ಮತ್ತೊಂದು ಸುತ್ತು ಬಂದ. ಒಳಗಿನಿಂದ ನೋಡುತ್ತಿದ್ದ ಸೋಮಮ್ಮನಿಗೆ ಪಾಪ ಎನ್ನಿಸಿತು.

"ಯಾರ್ನ ಹುಡುಕ್ತಿದ್ದೀರಾ ಸ್ವಾಮಿ? ಪ್ರದಕ್ಷಿಣೆ ಹಾಕ್ತಿದ್ದೀರಲ್ಲ" ಎಂದಳು.

"ಬಾಗಿಲು ಎಲ್ಲಮ್ಮ?"

"ಇಲ್ಲೇ, ನಾನ್ ನಿಂತಿರೋ ಕಡೆ."

ಸಿದ್ದರಾಜು ಟೋಪಿ ತೆಗೆದು ತಲೆ ಕೆರೆದುಕೊಂಡ. ಟೇಪು ಹಿಡಿದು ಅಳೆದ. ಎಲ್ಲ ಅಳತೆಯೂ ಸರಿಯಾಗಿಯೇ ಇತ್ತು, ಅದೇ ಅವನಿಗೆ ಸಂಕಟ. ಅಳತೆ ತಪ್ಪಿದ್ದರೆ ಒಂದು ಗೋಡೆ ಕೆಡವಿ ಎನ್ನಬಹುದಿತ್ತು. ಇಡೀ ಮನೆಯೇ ತಿರುಗಿ ಕೂತಿದ್ದರೆ ಏನನ್ನು ಕೆಡವುವುದು? ಆದರೂ ಕಾನೂನು ಕಾನೂನೇ. ದಕ್ಷಿಣದ ಗೋಡೆ ಒಡೆದು ರಸ್ತೆಗೆ ಮುಂಬಾಗಿಲಿಡಬೇಕು, ಬಚ್ಚಲು ಉತ್ತರಕ್ಕೆ ತರಬೇಕು, ಓಣಿಯ ಕಡೆಯ ಬಾಗಿಲು ಮುಚ್ಚಬೇಕು. ಮುಂದಿನ ಸೋಮವಾರ ಮುನಿಸಿಪಾಲಿಟಿ ಪ್ರೆಸಿಡೆಂಟರು ಖುದ್ದು ನೋಡಲು ಬರುತ್ತಾರೆ, ಅಷ್ಟರಲ್ಲಿ ಒಪ್ಪಿಗೆ ಹೇಳದಿದ್ದರೆ ಆಳುಗಳನ್ನು ಬಿಟ್ಟು ಒಡೆಸುತ್ತಾರೆ ಎಂದ.

ಮರಿಸಿದ್ದಯ್ಯ ಸಾವಧಾನವಾಗಿ ಕೇಳಿಸಿಕೊಂಡ. "ಒಡೀರಿ ಸ್ವಾಮಿ. ತೆಂಕ್ಲು ಬಾಗ್ಲು ಮನೇಲಿ ನಾನಂತೂ ಮಲಗಾಕಿಲ್ಲ" ಎಂದ. ಅವತ್ತೇ ದುದ್ದಕ್ಕೆ ಹೇಳಿಕಳಿಸಿದ, ಸೋಮವಾರ ಆಳು ತಿಮ್ಮಯ್ಯ ಗಾಡಿ ಕಟ್ಟಿಕೊಂಡು ಬರಲಿ, ಸಾಮಾನು ಸಾಗಿಸಬೇಕು ಎಂದು.

ಸಣ್ಣತಾಯಿ ಅಳಲಿಲ್ಲ. ಮೂಲೆಯಲ್ಲಿ ಕೂತು ಪಾಠ ಓದಿಕೊಳ್ಳುತ್ತಲೇ ಇದ್ದಳು, ಇದ್ದಷ್ಟು ದಿನ ಓದಿಬಿಡೋಣ ಎನ್ನುವಂತೆ. ಅದನ್ನು ನೋಡಿ ಸೋಮಮ್ಮನಿಗೆ ಕಾಗದ ತಿರುಗಿಸಿದ ದಿನ ಬಾಯಿ ಮುಚ್ಚಿಕೊಂಡಿದ್ದವಳು ತಾನೇ ಎಂಬುದು ನೆನಪಾಯಿತು. ಹಾಗಿದ್ದಮೇಲೆ ದಾರಿ ಹುಡುಕಬೇಕಾದವಳೂ ತಾನೇ ಎಂದುಕೊಂಡಳು.

ಹೊಸಲ ಮೇಲೆ ಕೂತು ಓಣಿಯನ್ನು ನೋಡಿದಳು. ನಾಲೆಯ ನೀರು ಜಿನುಗಿ ದಕ್ಷಿಣದ ಬಯಲೆಲ್ಲ ಜೌಗಾಗಿತ್ತು. ರಸ್ತೆ ಆಗಬೇಕಾದ ಜಾಗದಲ್ಲಿ ಕಪ್ಪೆ ಕೂಗುತ್ತಿತ್ತು. ಓಣಿ ಮಾತ್ರ ದಿಣ್ಣೆಯ ಮೇಲಿತ್ತು, ಕಾಲಿಗೆ ಕೆಸರು ಹತ್ತುತ್ತಿರಲಿಲ್ಲ. ಹಾಲಿನವಳು ಓಣಿಯಲ್ಲೇ ಬಂದಳು. ಕಾರ್ಖಾನೆಗೆ ಹೋಗುವವರು ಓಣಿಯಲ್ಲೇ ಹೋದರು. ಕೊನೆಗೆ ಓವರ್ಸಿಯರೂ ಹೋಗುವಾಗ ಓಣಿಯಲ್ಲೇ ಹೋಗಿದ್ದ. ನಕ್ಷೆಗೆ ಒಂದು ಗೊತ್ತಿತ್ತು, ಕಾಲಿಗೆ ಇನ್ನೊಂದು ಗೊತ್ತಿತ್ತು.

ಮಾರನೆಯ ದಿನ ಸಿದ್ದರಾಜು ಪಾರ್ಕಿನ ಕಲ್ಲು ನೋಡಲು ಬಂದಾಗ ಸೋಮಮ್ಮ ಅವನಿಗೆ ಮಜ್ಜಿಗೆ ಕೊಟ್ಟು ಕೇಳಿದಳು, "ಸ್ವಾಮಿ, ರಸ್ತೆ ಅನ್ನಿಸ್ಕಳಕೆ ಏನಿರಬೇಕು?"

"ಮೂವತ್ತಡಿ ಅಗಲ ಇರಬೇಕಮ್ಮ."

"ಇದು ಎಷ್ಟದೆ?"

"ಹತ್ತು."

"ನಮ್ಮ ಕಡೆಯಿಂದ ಹತ್ತು ಬಿಟ್ರೆ? ಆ ಕಡೆಯಿಂದ ಬೂಬಮ್ಮೋರು ಹತ್ತು ಬಿಟ್ರೆ?"

ಸಿದ್ದರಾಜು ಮಜ್ಜಿಗೆ ಲೋಟವನ್ನು ತುಟಿಯ ಹತ್ತಿರವೇ ಹಿಡಿದುಕೊಂಡು ನಿಂತ. ಆಮೇಲೆ ಲೋಟ ಕೆಳಗಿಟ್ಟು ನಕ್ಷೆ ಬಿಚ್ಚಿದ. ಬಹಳ ಹೊತ್ತು ನೋಡಿದ. ಅವನ ಮುಖದ ಮೇಲೆ ಮೆಲ್ಲಗೆ ಬೆಳಕು ಬಂತು. ಓಣಿ ರಸ್ತೆಯಾದರೆ ಕೊನೆಯ ಸಾಲಿನ ಸೈಟುಗಳೆಲ್ಲ ಉತ್ತರಕ್ಕೆ ತಿರುಗುತ್ತವೆ, ಎದುರಿಗೆ ಪಾರ್ಕು. ಪಾರ್ಕಿನಿಂದ ಹತ್ತಡಿ ಬಿಡುವುದು ಮುನಿಸಿಪಾಲಿಟಿಗೆ ಕಷ್ಟವಲ್ಲ. ಜೌಗಿಗೆ ಮಣ್ಣು ತುಂಬಿ ರಸ್ತೆ ಮಾಡುವ ಗೋಳೂ ಇಲ್ಲ, ಅಲ್ಲಿ ಕಸದ ಗಾಡಿಗೊಂದು ಕಿರಿದಾದ ಏರಿ ಹಾಕಿದರೆ ಮುಗಿಯಿತು. ಎರಡು ವರ್ಷದಿಂದ ತುಂಬೆ ಗಿಡ ಬೆಳೆಸುತ್ತಿದ್ದ ಸೈಟುಗಳಿಗೆ ಜನ ಮುಗಿಬೀಳುತ್ತಾರೆ.

"ಅಮ್ಮ, ಆಗಬಹುದು" ಎಂದ. "ಆದರೆ ಮನೆ ಕಟ್ಟಿದವರ ಜಾಗವನ್ನು ನಾವು ಬಲವಂತದಿಂದ ಕೇಳೋ ಹಾಗಿಲ್ಲ. ಪ್ರೆಸಿಡೆಂಟರ ಎದುರಿಗೆ ಅವರವರೇ ಮನಸಾರೆ ಬಿಡಬೇಕು. ಎರಡು ಮನೆಯವರೂ ಬಿಟ್ಟರೆ ಅವರನ್ನು ಒಪ್ಪಿಸೋದು ನನಗಿರಲಿ. ಒಬ್ಬರು ಬಿಡದಿದ್ದರೂ ಇಲ್ಲ."

ಸೋಮಮ್ಮ ಗೋಡೆಯ ಹತ್ತಿರ ಹೋಗಿ ಜೈನಾಬ್ ಬೀಯನ್ನು ಕೂಗಿದಳು. ಕೇಳಿದ್ದೇ ತಡ ಅವಳಿಗೆ ಮೊದಲು ಹೊಳೆದದ್ದು ಷೆಡ್ಡು. ಓಣಿಯೇ ಮುಂದಾದರೆ ಈಗಿನ ಮುಂದೆ ಹಿತ್ತಿಲಾಗುತ್ತದೆ. ಹಿತ್ತಿಲಲ್ಲಿ ಷೆಡ್ಡು ಹಾಕಬಹುದು. "ಹೌದಾ ಕೇಳಿ ಅಕ್ಕ, ಹೌದಾ ಕೇಳಿ" ಎಂದು ಗೋಡೆಯ ಆಚೆಯಿಂದಲೇ ಪಿಸುಗುಟ್ಟಿದಳು. ಸೋಮಮ್ಮ ಕೇಳಿದಳು. ಹೌದು, ಮುಂಬಾಗಿಲನ್ನು ಓಣಿಯ ಕಡೆ ಇಟ್ಟುಕೊಂಡರೆ ಆಚೆಯದು ಹಿತ್ತಿಲೇ ಎಂದ ಸಿದ್ದರಾಜು. ಸಂಜೆ ಮೆಹಬೂಬ್ ಪಾಷಾ ಮಸಿ ಮೆತ್ತಿಕೊಂಡು ಮನೆಗೆ ಬಂದಾಗ ಹೆಂಡತಿ ಮುಖ ತೊಳೆಯಲೂ ಬಿಡದೆ ಹೇಳಿದಳು. ಅವನು ಕೆಮ್ಮುತ್ತ ನಕ್ಕ, ನಗುತ್ತ ಕೆಮ್ಮಿದ. "ಹತ್ತಲ್ಲ, ಹನ್ನೆರಡು ತಗೊಳ್ಳಲಿ" ಎಂದ.

ಕಷ್ಟ ಇದ್ದದ್ದು ಈಚೆ ಕಡೆ.

ಮರಿಸಿದ್ದಯ್ಯನಿಂದ ಏನನ್ನಾದರೂ ಕೇಳಬಹುದಿತ್ತು, ನೆಲ ಕೇಳುವಂತಿರಲಿಲ್ಲ. ಹಸಿದು ಬಂದವರಿಗೆ ತನ್ನ ಮುದ್ದೆ ಮುರಿದು ಹಾಕುವ ಮನುಷ್ಯ. ಆದರೆ ದುದ್ದದಲ್ಲಿ ಪಕ್ಕದ ಗದ್ದೆಯ ಚೌಡಯ್ಯ ಬದುವನ್ನು ಒಂದು ಗೇಣು ಒಳಕ್ಕೆ ಕೊಚ್ಚಿಕೊಂಡ ಎಂದು ಮಂಡ್ಯದ ಕೋರ್ಟಿಗೆ ವರ್ಷಗಟ್ಟಲೆ ಅಲೆದಿದ್ದ. ಗೆದ್ದು ಬಂದ ದಿನ ಆ ಗೇಣು ಬದುವಿನ ಮೇಲೆ ಒಬ್ಬನೇ ಮಲಗಿ ನಿದ್ದೆ ಮಾಡಿದ್ದ. ಅವನಪ್ಪನೂ ಹಾಗೇ, ತಾತನೂ ಹಾಗೇ. ಅವರ ಮನೆಯಲ್ಲಿ ಗಡಿಕಲ್ಲಿಗೆ ದೇವರಿಗಿಂತ ಮೊದಲು ಪೂಜೆ.

"ಅತ್ತಡಿ" ಎಂದ. "ನಾಕು ಬೆರಳಗಲ ಅಲ್ಲ ಕಣಮ್ಮಿ, ಅತ್ತಡಿ. ನನ್ ದುಡ್ಡು ಕೊಟ್ಟು ತಗಂಡಿರೋ ನೆಲ. ಮುನ್ಸಿಪಾಲ್ಟಿಯೋರಿಗೆ ಬುಟ್ಟು ಕೊಡಾಕೆ ನನ್ಗೇನು ಉಚ್ಚು ಇಡ್ದದಾ?"

"ಇಪ್ಪತ್ತಡಿ ಬುಟ್ಟಿದ್ದೀವಲ್ಲ, ಇನ್ನೂ ಅತ್ತು ಉಳೀತದೆ. ಕಾನೂನಿಗೆ ಅಷ್ಟೇ ಬೇಕಾಗಿರೋದು."

"ಗಾಡಿ ಎಲ್ಲಿ ನಿಲ್ಸನ?"

"ದುದ್ದಕ್ಕೇ ಓಗಾದಾದ್ರೆ ಇಲ್ಲಿ ಯಾಕೆ ಗಾಡಿ ನಿಲ್ಲಿಸ್ತೀಯ?"

ಅವನು ಎದ್ದು ಹೋಗಿ ಓಣಿಯ ಅಂಚಿಗೆ ತಾನೇ ನೆಟ್ಟಿದ್ದ ಗಡಿಕಲ್ಲಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡ. ಆ ವಾರವೆಲ್ಲ ಅಲ್ಲೇ ಕೂತ. ಸೋಮಮ್ಮ ಅವನಿಷ್ಟದ ಹುರುಳಿಕಾಳು ಬಸ್ಸಾರು ಮಾಡಿದಳು, ಉಂಡ, ಬಾಯಿ ಬಿಡಲಿಲ್ಲ. ಚಿಕ್ಕಬೋರಯ್ಯನನ್ನು ಕರೆಸಿ ಹೇಳಿಸಿದಳು. "ನಾನು ಕಟ್ಟಿದ ಮನೇನ ಒಡುಸ್ತೀಯಾ?" ಎಂದು ಅವನು ರೇಗಿದ. ಮರಿಸಿದ್ದಯ್ಯ ಅವನಿಗೂ ಎಲೆಯಡಿಕೆ ಕೊಟ್ಟ. ಅಷ್ಟೇ.

ಸೋಮವಾರ ಬಂತು. ತಿಮ್ಮಯ್ಯ ಗಾಡಿ ಕಟ್ಟಿಕೊಂಡು ಬೆಳಿಗ್ಗೆಯೇ ಬಂದು ಓಣಿಯಲ್ಲಿ ನಿಲ್ಲಿಸಿದ. ಮರಿಸಿದ್ದಯ್ಯ ಬೀಸುವ ಕಲ್ಲನ್ನು ಎತ್ತಿ ಗಾಡಿಯಲ್ಲಿಟ್ಟ, ಹಾಸಿಗೆ ಸುರುಳಿ ಇಟ್ಟ. ಸಣ್ಣತಾಯಿ ಸ್ಕೂಲಿಗೆ ಹೊರಟ ಬಟ್ಟೆಯಲ್ಲೇ ಬಾಗಿಲಿಗೆ ಒರಗಿ ನಿಂತಿದ್ದಳು.

ಪ್ರೆಸಿಡೆಂಟರು ಬಂದರು. ಜರಿ ಪೇಟ, ಕರಿ ಕೋಟು, ಹೊಳೆಯುವ ಪಂಪ್ ಷೂ. ನಕ್ಷೆಯಲ್ಲಿದ್ದ ರಸ್ತೆಯಲ್ಲೇ ನಡೆದು ನೋಡಬೇಕು ಎಂದು ಹಟ ಹಿಡಿದು ದಕ್ಷಿಣದಿಂದ ಬಂದರು. ಅರ್ಧ ದಾರಿಗೆ ಒಂದು ಷೂ ಜೌಗಿನಲ್ಲಿ ಉಳಿಯಿತು. ಸಿದ್ದರಾಜು ಮೊಣಕೈವರೆಗೆ ಕೈ ಹಾಕಿ ಹುಡುಕಿ ತೆಗೆದ. ಅವರು ಒಂದು ಕಾಲಲ್ಲಿ ಷೂ, ಇನ್ನೊಂದು ಕಾಲಲ್ಲಿ ಕೆಸರು ಹಾಕಿಕೊಂಡು ಮನೆಯನ್ನು ಸುತ್ತಿ ಓಣಿಗೆ ಬಂದು, ಗಟ್ಟಿ ನೆಲದ ಮೇಲೆ ನಿಂತು, ನಿಟ್ಟುಸಿರು ಬಿಟ್ಟರು. ಸೋಮಮ್ಮ ತಂಬಿಗೆಯಲ್ಲಿ ನೀರು ಕೊಟ್ಟಳು.

"ಈಗ ಹೇಳಿ, ಯಾವುದಪ್ಪ ರಸ್ತೆ?" ಎಂದರು ಸಿದ್ದರಾಜುವಿಗೆ.

ಸಿದ್ದರಾಜು ಎಲ್ಲವನ್ನೂ ವಿವರಿಸಿದ. ಪ್ರೆಸಿಡೆಂಟರು ಕಾಲು ತೊಳೆಯುತ್ತ ಕೇಳಿದರು, ಪಾರ್ಕಿನ ಕಡೆ ನೋಡಿದರು, ಖಾಲಿ ಸೈಟುಗಳ ಕಡೆ ನೋಡಿದರು. ಅವರಿಗೆ ಹಿಡಿಸಿತು ಎಂಬುದು ಮುಖದಲ್ಲೇ ಗೊತ್ತಾಯಿತು. "ಮನೆಯವರು ಏನಂತಾರೆ?" ಎಂದರು.

ಅಷ್ಟು ಹೊತ್ತಿಗೆ ಧಡ್ ಎಂದು ಸದ್ದಾಯಿತು. ಎಲ್ಲರೂ ತಿರುಗಿ ನೋಡಿದರು. ಎದುರು ಮನೆಯ ಮಣ್ಣುಗೋಡೆಯ ಒಂದು ತುಂಡು ಓಣಿಗೆ ಬಿದ್ದಿತ್ತು. ಮೆಹಬೂಬ್ ಪಾಷಾ ಗುದ್ದಲಿ ಹಿಡಿದು ನಿಂತಿದ್ದ. ಬಿದ್ದ ಗೋಡೆಯ ಹಿಂದೆ, ಸೀರೆ ಇಳಿಬಿಟ್ಟು ಮಾಡಿದ ಮರೆಯಿಂದ, ಜೈನಾಬ್ ಬೀಯ ದನಿ ಬಂತು. "ನಮ್ಮದು ಬಿಟ್ಟಾಯ್ತು ಸ್ವಾಮಿ. ಮಿಕ್ಕಿದ್ದು ಮಧ್ಯಾಹ್ನದೊಳಗೆ ಬೀಳ್ತದೆ."

ಪ್ರೆಸಿಡೆಂಟರು ನಕ್ಕುಬಿಟ್ಟರು. "ನೀವೇನಂತೀರಪ್ಪ?" ಎಂದು ಮರಿಸಿದ್ದಯ್ಯನ ಕಡೆ ತಿರುಗಿದರು.

ಮರಿಸಿದ್ದಯ್ಯ ತನ್ನ ಗಡಿಕಲ್ಲಿನ ಪಕ್ಕ ನಿಂತಿದ್ದ. ತಿಮ್ಮಯ್ಯ ಎತ್ತಿನ ಕೊರಳ ಹಗ್ಗ ಸರಿಮಾಡತೊಡಗಿದ, ಇವನು ಬಿಡುವವನಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು.

ಸೋಮಮ್ಮ ಗಂಡನ ಹತ್ತಿರ ಹೋದಳು. ಬೇರೆಯವರಿಗೆ ಕೇಳದ ಹಾಗೆ ಮೆಲ್ಲಗೆ ಕೇಳಿದಳು. "ಅಲ್ಲಾ, ಆ ಚೌಡಯ್ಯನ ಬದ ಗೆದ್ಯಲ್ಲ. ಅಷ್ಟು ವರ್ಸ ಓಡಾಡಿ ಗೆದ್ದೆ. ಅದ್ರ ಮೇಲೆ ಏನು ಬೆಳೀತು?"

ಅವನು ಯೋಚಿಸಿದ. ಸುಳ್ಳು ಹೇಳುವವನಲ್ಲ. "ಗರ್ಕೆ" ಎಂದ.

"ಇದ್ರ ಮೇಲೆ ನಿನ್ ಮಗಳು ನಡೀತಾಳೆ ಕಣಯ್ಯ."

ಅಷ್ಟು ಹೇಳಿ ಅವಳು ಹಿಂದಕ್ಕೆ ಬಂದು ನಿಂತಳು.

ಮರಿಸಿದ್ದಯ್ಯ ಮಗಳ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ, ಓಣಿಯ ತುದಿಯನ್ನು ನೋಡುತ್ತಿದ್ದಳು, ಸ್ಕೂಲಿಗೆ ತಿರುಗುವ ಕಡೆ. ಅವನು ಮನೆಯೊಳಗೆ ಹೋದ. ಹೊರಗೆ ಬಂದಾಗ ಕೈಯಲ್ಲಿ ಹಾರೆ ಇತ್ತು.

ಯಾರನ್ನೂ ಹತ್ತಿರ ಬರಗೊಡಲಿಲ್ಲ. ಗಡಿಕಲ್ಲಿನ ಬುಡಕ್ಕೆ ಹಾರೆ ಕೊಟ್ಟು ಮೀಟಿದ. ಕಲ್ಲು ಅಲುಗಲಿಲ್ಲ, ಅವನೇ ಆಳವಾಗಿ ನೆಟ್ಟದ್ದಲ್ಲವೇ. ಮತ್ತೆ ಮೀಟಿದ. ಮೆಹಬೂಬ್ ಪಾಷಾ ಗುದ್ದಲಿ ಬಿಸಾಡಿ ಓಡಿಬಂದು, ಬೇಡ ಎಂದರೂ ಕೇಳದೆ ಹೆಗಲು ಕೊಟ್ಟ. ಕಲ್ಲು ಎದ್ದಿತು. ಇಬ್ಬರೂ ಏದುಸಿರು ಬಿಡುತ್ತ ಅದನ್ನು ಉರುಳಿಸಿಕೊಂಡು ಬಂದರು. ಹೊರಕ್ಕಲ್ಲ, ಒಳಕ್ಕೆ. ಸಿದ್ದರಾಜು ಟೇಪು ಹಿಡಿದ. ಹತ್ತಡಿಯ ಗುರುತಿನ ಹತ್ತಿರ ಮರಿಸಿದ್ದಯ್ಯ ಗುಂಡಿ ತೋಡಿ, ಕಲ್ಲು ನಿಲ್ಲಿಸಿ, ಮಣ್ಣು ತುಂಬಿ, ಎರಡೂ ಕಾಲಲ್ಲಿ ತುಳಿದು ಗಟ್ಟಿ ಮಾಡಿದ.

"ನಮ್ ತಾತನ ಕಾಲ್ದಿಂದ್ಲೂ ನಮ್ಮನೇ ಕಲ್ಲು ಒಳೀಕೆ ಬಂದಿರ್ನಿಲ್ಲ ಸ್ವಾಮಿ" ಎಂದ ಪ್ರೆಸಿಡೆಂಟರಿಗೆ. "ಇವತ್ತು ಬಂತು."

ಪ್ರೆಸಿಡೆಂಟರು ಏನೋ ದೊಡ್ಡ ಮಾತು ಹೇಳಲು ಹೊರಟವರು, ಅವನ ಮುಖ ನೋಡಿ, ಬಿಟ್ಟು, ಕೈ ಮುಗಿದರು. "ಇದು ಯಾರ ಯೋಚನೆ?" ಎಂದು ಕೇಳಿದರು. ಸಿದ್ದರಾಜು ಸೋಮಮ್ಮನ ಕಡೆ ನೋಡಿದ. ಆದರೆ ಅವನಿಗಿಂತ ಮುಂಚೆ ಮರಿಸಿದ್ದಯ್ಯನೇ ಹೇಳಿದ, "ನಮ್ಮೋಳ್ದು." ಮದುವೆಯಾದಾಗಿನಿಂದ ಅವನು ಹೆಂಡತಿಯನ್ನು ನಾಲ್ಕು ಜನರ ಎದುರು ಹೊಗಳಿದ್ದು ಅದೇ ಮೊದಲು, ಅದೂ ಒಂದೇ ಮಾತಿನಲ್ಲಿ. ಸೋಮಮ್ಮನಿಗೆ ಅಳು ಬಂತು, ನಗುವೂ ಬಂತು, ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡಳು. ಮರೆಯ ಹಿಂದಿನಿಂದ ಜೈನಾಬ್ ಬೀ ಜೋರಾಗಿಯೇ ನಗುತ್ತಿದ್ದಳು.

ತಿಮ್ಮಯ್ಯ ಏನೂ ಅರ್ಥವಾಗದೆ ಬಾಯಿ ಬಿಟ್ಟುಕೊಂಡು ನಿಂತಿದ್ದ. ಮರಿಸಿದ್ದಯ್ಯ ಹಾರೆಯನ್ನು ಗೋಡೆಗೆ ಒರಗಿಸಿ, ಕೈಯ ಮಣ್ಣು ಕೊಡವಿ, ಅವನ ಕಡೆ ತಿರುಗಿದ.

"ಬೀಸೋ ಕಲ್ಲ ಇಳ್ಸು ಕಣ್ಲಾ. ನಮ್ಮುಡ್ಗಿ ಇಸ್ಕೂಲಿಂದ ಅಸ್ಕೊಂಡು ಬತ್ತಾಳೆ, ರಾಗಿ ಬೀಸ್ಬೇಕು" ಎಂದ.

ಸಣ್ಣತಾಯಿ ಅಷ್ಟು ಹೊತ್ತಿಗಾಗಲೇ ಓಣಿಯ ಅರ್ಧ ದಾಟಿದ್ದಳು.